ಒಂದು ಮಂಚ, ನಾಲ್ಕು ದಿಂಬು

ರೂಮ್ ಬುಕ್ ಮಾಡುವ ಆ್ಯಪ್ ತೆರೆದ ಕೂಡಲೇ ಕೇಳುವ ಪ್ರಶ್ನೆ: ದೊಡ್ಡವರು ಎಷ್ಟು, ಮಕ್ಕಳು ಎಷ್ಟು? ನಮ್ಮಪ್ಪ ಇವತ್ತಿಗೂ ಒಂಚೂರೂ ಯೋಚಿಸದೆ ‘ದೊಡ್ಡವರು 2, ಮಕ್ಕಳು 2’ ಅಂತ ಒತ್ತಿಬಿಡುತ್ತಾರೆ. ಆ ಇಬ್ಬರು ‘ಮಕ್ಕಳ’ ಪೈಕಿ ಒಬ್ಬಳು ನಾನು. ವಯಸ್ಸು 20, ಬಿಇ ಐದನೇ ಸೆಮಿಸ್ಟರ್. ಇನ್ನೊಬ್ಬ ನನ್ನ ತಮ್ಮ, ವಯಸ್ಸು 16. ಎತ್ತರದಲ್ಲಿ ಅಪ್ಪನನ್ನು ಹಿಂದೆ ಹಾಕಿ ಒಂದು ವರ್ಷವಾಯಿತು.

ನಾವು ದೊಡ್ಡವರಾಗೋದು ಯಾವಾಗ ಅನ್ನೋದಕ್ಕೆ ನಮ್ಮ ದೇಶದಲ್ಲಿ ತಮಾಷೆಯ ಉತ್ತರವಿದೆ. ಕೆಎಸ್‌ಆರ್‌ಟಿಸಿ ಬಸ್ಸಲ್ಲಿ 12 ದಾಟಿದರೆ ಫುಲ್ ಟಿಕೆಟ್. ರೈಲಿನಲ್ಲೂ 12 ತುಂಬಿದರೆ ಫುಲ್. ಅಷ್ಟೇ ಅಲ್ಲ, 2016ರ ಏಪ್ರಿಲ್‌ನಿಂದ 5ರಿಂದ 12ರೊಳಗಿನ ಮಕ್ಕಳಿಗೂ ಪ್ರತ್ಯೇಕ ಬರ್ತ್ ಬೇಕು ಅಂದರೆ ಪೂರ್ತಿ ದುಡ್ಡು ಕೊಡಬೇಕು. ಬಹುಪಾಲು ಹೋಟೆಲ್‌ಗಳಲ್ಲೂ 12 ದಾಟಿದ ಮಗುವಿಗೆ ದೊಡ್ಡವರ ದರವೇ. ದುಡ್ಡಿನ ಲೆಕ್ಕಕ್ಕೆ 12ಕ್ಕೇ ದೊಡ್ಡವರಾದವರು, ಮಲಗುವ ಲೆಕ್ಕಕ್ಕೆ ಬಂದರೆ ಮಾತ್ರ ಮದುವೆಯಾಗುವ ತನಕ ಮಕ್ಕಳೇ.

ಎಂಜಿನಿಯರಿಂಗ್ ಓದುವವಳಾದ್ದರಿಂದ ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಹೋಟೆಲಿನವರು ಹೆಮ್ಮೆಯಿಂದ ತೋರಿಸುವ ಕಿಂಗ್ ಸೈಜ್ ಮಂಚದ ಅಗಲ 6 ಅಡಿ, ಅಂದರೆ 72 ಇಂಚು. ನಾಲ್ಕು ಜನ ಹಂಚಿಕೊಂಡರೆ ತಲಾ 18 ಇಂಚು. ರೈಲಿನ ಸ್ಲೀಪರ್ ಬರ್ತ್ ಕೂಡ ಸುಮಾರು ಎರಡಡಿ ಇರುತ್ತೆ. ತಮ್ಮನ ಭುಜದಿಂದ ಭುಜಕ್ಕೇ 17 ಇಂಚು, ಟೇಪ್ ಹಿಡಿದು ಅಳೆದಿದ್ದೇನೆ. ಉಳಿದ ಒಂದು ಇಂಚಿನಲ್ಲಿ ಅವನು ಮಗ್ಗುಲು ಬದಲಿಸಬೇಕು.

‘ಎಕ್ಸ್‌ಟ್ರಾ ಬೆಡ್ ಕೊಡ್ತೀವಿ ಸಾರ್’ ಅನ್ನೋದು ಇನ್ನೊಂದು ಮಾಯೆ. ಬೆಡ್ ಅಂದರೆ ಮಂಚ ಅಂದುಕೊಂಡು ದುಡ್ಡು ಕೊಟ್ಟಿರುತ್ತೇವೆ. ರಾತ್ರಿ ಒಂಬತ್ತಕ್ಕೆ ರೂಮ್ ಬಾಯ್ ಸುರುಳಿ ಸುತ್ತಿದ ಹಾಸಿಗೆಯೊಂದನ್ನು ಹೆಗಲ ಮೇಲೆ ಹೊತ್ತು ತಂದು ಮಂಚಕ್ಕೂ ಟಿವಿ ಸ್ಟ್ಯಾಂಡಿಗೂ ನಡುವೆ ಬಿಚ್ಚಿ ಹೋಗುತ್ತಾನೆ. ಅದನ್ನು ಹಾಸಿದ ಮೇಲೆ ಬಾತ್‌ರೂಮಿಗೆ ದಾರಿ ಇರುವುದಿಲ್ಲ. ರಾತ್ರಿ ಎದ್ದವರು ತುಳಿಯುವುದು ಕೆಳಗೆ ಮಲಗಿದವರನ್ನೇ.

ಹೋಟೆಲಿನವರದ್ದೇ ತಪ್ಪು ಅಂತಲೂ ಹೇಳಲಾರೆ. ಡಬಲ್ ರೂಮ್ ಅನ್ನೋದನ್ನು ಕಟ್ಟಿರುವುದೇ ಗಂಡ-ಹೆಂಡತಿಗೆ. ಬೆಳೆದ ಮಕ್ಕಳಿರುವ ಸಂಸಾರ ಅದರೊಳಗೆ ಹೇಗೋ ತುರುಕಿಕೊಳ್ಳಬೇಕು, ಅಷ್ಟೇ. ನಮ್ಮ ಹಿಂದಿನವರಿಗೆ ಈ ತಲೆನೋವು ಇರಲಿಲ್ಲ ಅನಿಸುತ್ತೆ. ಮದುವೆ ಛತ್ರ ನೆನಪಿಸಿಕೊಳ್ಳಿ. ಹೆಂಗಸರಿಗೊಂದು ಕೋಣೆ, ಗಂಡಸರಿಗೆ ಹಾಲ್, ಎರಡೂ ಕಡೆ ಉದ್ದಕ್ಕೆ ಜಮಖಾನ. ಅತ್ತೆ, ಚಿಕ್ಕಮ್ಮ, ಅಜ್ಜಿ, ಕಸಿನ್‌ಗಳ ಮಧ್ಯೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಬಿದ್ದುಕೊಂಡರಾಯಿತು. ಸೀರೆ ಬದಲಿಸುವವರ ಮುಂದೆ ಇಬ್ಬರು ಟವೆಲ್ ಹಿಡಿದು ನಿಂತರೆ ಅದೇ ಡ್ರೆಸ್ಸಿಂಗ್ ರೂಮ್. ಸೌಕರ್ಯ ಇರಲಿಲ್ಲ, ಮುಜುಗರವೂ ಇರಲಿಲ್ಲ.

ಚಿಕ್ಕವರಿದ್ದಾಗ ಒಂದೇ ರೂಮ್ ಅಂದರೆ ನಮಗೆ ಹಬ್ಬ. ಧರ್ಮಸ್ಥಳ, ಕುಕ್ಕೆ, ಉಡುಪಿ ಅಂತ ಬೇಸಿಗೆ ರಜೆಯಲ್ಲಿ ಹೊರಟರೆ ನನಗೂ ತಮ್ಮನಿಗೂ ದೇವರ ದರ್ಶನಕ್ಕಿಂತ ಲಾಡ್ಜಿನ ಮಂಚದ ಮೇಲೆ ಕುಣಿಯೋದೇ ಮುಖ್ಯ. ಲೈಟ್ ಆರಿಸಿದ ಮೇಲೆ ಅಪ್ಪ ಹೇಳುತ್ತಿದ್ದ ದೆವ್ವದ ಕತೆ, ಅದಕ್ಕೆ ತಮ್ಮ ಅಳೋದು, ಅಮ್ಮ ಅಪ್ಪನಿಗೆ ಬೈಯೋದು. ಆಗ ಮಲಗುವ ಕ್ರಮ ಹೀಗಿತ್ತು: ಒಂದು ಅಂಚಿಗೆ ಅಪ್ಪ, ಇನ್ನೊಂದು ಅಂಚಿಗೆ ಅಮ್ಮ, ಮಧ್ಯೆ ನಾವಿಬ್ಬರು.

ನಾನು ಎಂಟನೇ ಕ್ಲಾಸಿಗೆ ಬಂದ ವರ್ಷ ಆ ಕ್ರಮ ಬದಲಾಯಿತು. ಯಾರೂ ಏನೂ ಹೇಳಲಿಲ್ಲ. ಅಮ್ಮ ಸುಮ್ಮನೆ ನನಗೂ ತಮ್ಮನಿಗೂ ನಡುವೆ ಬಂದು ಮಲಗಿದಳು. ಅವತ್ತಿನಿಂದ ಅವಳದ್ದು ಅದೇ ಜಾಗ. ಹೊದಿಕೆ ಎರಡೇ ಇದ್ದರೆ ಒಂದು ನನಗೆ, ಒಂದು ಅಪ್ಪ ಮತ್ತು ತಮ್ಮನಿಗೆ, ಅವಳಿಗೆ ಸೀರೆಯ ಸೆರಗು.

ಮುಜುಗರ ಅಂದರೆ ಏನೋ ದೊಡ್ಡ ವಿಷಯ ಅಂದುಕೊಳ್ಳಬೇಡಿ. ಎಲ್ಲ ಸಣ್ಣ ಸಣ್ಣವೇ. ಒದ್ದೆ ಬಾತ್‌ರೂಮಿನಲ್ಲಿ ಒಂಟಿ ಕಾಲಲ್ಲಿ ನಿಂತು ಪ್ಯಾಂಟ್ ಹಾಕಿಕೊಳ್ಳಬೇಕು, ತುದಿ ನೀರಿಗೆ ತಾಗದ ಹಾಗೆ. ಒಗೆದ ಒಳಉಡುಪನ್ನು ಟವೆಲ್ ಕೆಳಗೆ ಮುಚ್ಚಿ ಒಣಗಿಸಬೇಕು, ಅದು ಬೆಳಗ್ಗೆಗೂ ಒಣಗಿರುವುದಿಲ್ಲ. ಪೀರಿಯಡ್ಸ್ ಇದ್ದರಂತೂ ಬ್ಯಾಗಿನ ಜಿಪ್ಪು ಎಳೆಯುವ ಸದ್ದು ಕೂಡ ಇಡೀ ರೂಮಿಗೆ ಕೇಳಿಸುತ್ತಿದೆ ಅನಿಸುತ್ತೆ. ಬಿಳಿ ಬೆಡ್‌ಶೀಟ್ ಮೇಲೆ ರಾತ್ರಿಯೆಲ್ಲ ಅಲುಗಾಡದೆ ಮಲಗುವುದು ಹೇಗೆ ಅಂತ ಹುಡುಗಿಯರಿಗೆ ಹೇಳಿಕೊಡಬೇಕಿಲ್ಲ.

ಮೂರು ವರ್ಷದ ಹಿಂದೆ ಮಡಿಕೇರಿ ಕಡೆ ಹೋದಾಗ ನಮಗೆ ಸಿಕ್ಕ ರೂಮಿನಲ್ಲಿ ಬಾತ್‌ರೂಮಿಗೆ ಗೋಡೆಯ ಬದಲು ಗಾಜಿತ್ತು. ಮಬ್ಬು ಗಾಜು ನಿಜ, ಆದರೆ ಒಳಗೆ ಲೈಟ್ ಹಾಕಿದರೆ ಆಕಾರ ಗೊತ್ತಾಗುತ್ತೆ. ಈಗ ಅದೇ ಫ್ಯಾಷನ್ ಅಂತೆ! ಯಾರ ತಲೆಗೆ ಹೊಳೆಯಿತೋ ಗೊತ್ತಿಲ್ಲ, ಅವರ ಮನೆಯಲ್ಲಿ ಅಕ್ಕ-ತಂಗಿಯರು ಇದ್ದಿರಲಾರರು. ಅಮ್ಮ ಬೆಡ್‌ಶೀಟ್ ಬಿಚ್ಚಿ ಕರ್ಟನ್ ರಾಡಿಗೂ ಬಟ್ಟೆ ಸ್ಟ್ಯಾಂಡಿಗೂ ಕಟ್ಟಿ ಪರದೆ ಮಾಡಿದಳು. ಎರಡು ದಿನವೂ ನಾನು ಸ್ನಾನಕ್ಕೆ ಹೋದಾಗೆಲ್ಲ ಅಪ್ಪ, ತಮ್ಮ ಕೆಳಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಕೊಡಗಿನ ಕಾಫಿ ಅಪ್ಪ ಅಷ್ಟು ಕುಡಿದಿದ್ದು ಆ ಗಾಜಿನ ದೆಸೆಯಿಂದಲೇ.

ಇಂಥ ಮಾತು ಬಂದಾಗೆಲ್ಲ ಮನೆಯಲ್ಲಿ ಕಾಳಜಿ ಇರೋದು ಮಗಳ ಬಗ್ಗೆ. ಮಗನನ್ನು ಯಾರೂ ಕೇಳುವುದಿಲ್ಲ. ಕಳೆದ ವರ್ಷ ಹಾಸನದ ಕಡೆ ಹೋಗಿದ್ದಾಗ ತಮ್ಮ ‘ನಾನು ಕಾರಲ್ಲೇ ಮಲಗ್ತೀನಿ’ ಅಂತ ಹಟ ಹಿಡಿದ. ಅಪ್ಪನಿಗೆ ಸಿಟ್ಟು ಬಂತು. ಮೊಬೈಲ್ ನೋಡೋಕೆ ನೆಪ ಅಂದರು. ಊರಿಗೆ ವಾಪಸಾದ ಮೇಲೆ ಟೆರೇಸ್ ಮೇಲೆ ಬಟ್ಟೆ ತೆಗೆಯುವಾಗ ನಾನೇ ಕೇಳಿದೆ. ಅವನು ಆಕಾಶ ನೋಡುತ್ತಾ ಹೇಳಿದ: ‘ಬೆಳಗ್ಗೆ ಏಳುವಾಗ ಎಲ್ರೂ ಅಲ್ಲೇ ಇರ್ತೀರಲ್ಲ ಅಕ್ಕ. ನಂಗೂ ನಾಚಿಕೆ ಆಗುತ್ತೆ.’ ಅಷ್ಟೇ. ಅದಕ್ಕಿಂತ ಹೆಚ್ಚು ನಾನು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ. ಹುಡುಗರ ಮೈಯೂ ಬೆಳೆಯುತ್ತೆ ಅನ್ನೋದನ್ನು ಮನೆಯಲ್ಲಿ ಮೀಸೆ ಬಂದಾಗ ಒಂದು ಸಲ ಚುಡಾಯಿಸಿ ಮರೆತುಬಿಡುತ್ತೇವೆ.

ಹಾಗಾಗಿ ಹೋದ ದಸರಾ ರಜೆಗೆ ಹಂಪಿ ಅಂತ ನಿರ್ಧಾರವಾದಾಗ ನಾನು ಊಟದ ಹೊತ್ತಿಗೆ ಮಾತು ತೆಗೆದೆ. ಎರಡು ರೂಮ್ ಮಾಡೋಣ ಅಂದೆ. ಅಪ್ಪನ ಮೊದಲ ಉತ್ತರ ಎಲ್ಲ ಅಪ್ಪಂದಿರದ್ದೇ: ‘ಮಲಗೋಕೆ ತಾನೇ ರೂಮು? ಬೆಳಗ್ಗೆ ಆರಕ್ಕೆ ಎದ್ದು ಹೊರಡೋದು. ಅದಕ್ಕೆ ಡಬಲ್ ದುಡ್ಡು ಯಾಕೆ?’ ನಾನು ಹೊಸಪೇಟೆಯ ಒಂದು ಲಾಡ್ಜಿಗೆ ಅವರ ಎದುರೇ ಫೋನ್ ಮಾಡಿ ಸ್ಪೀಕರ್ ಹಾಕಿದೆ. ದೊಡ್ಡ ಫ್ಯಾಮಿಲಿ ರೂಮ್ ₹3,000, ಹೆಚ್ಚುವರಿ ಇಬ್ಬರಿಗೆ ತಲಾ ₹500, ಒಟ್ಟು 4,000. ಸಾಧಾರಣ ಡಬಲ್ ರೂಮ್ ₹1,900, ಎರಡಕ್ಕೆ 3,800. ₹7,500ರವರೆಗಿನ ರೂಮ್‌ಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿತ್ತು. ಅದನ್ನೂ ಸೇರಿಸಿದರೆ ಎರಡು ರೂಮೇ ₹210 ಅಗ್ಗ! ಎಲ್ಲ ಕಡೆ ಹೀಗೇ ಇರುತ್ತೆ ಅಂತ ಹೇಳೋಕಾಗಲ್ಲ. ಸೀಸನ್ನಿನಲ್ಲಿ, ಬೀಚ್ ಪಕ್ಕದಲ್ಲಿ ಎರಡು ರೂಮ್ ಅಂದರೆ ಜೇಬು ಹರಿಯುತ್ತೆ. ಆದರೆ ಕೇಳದೆ ಗೊತ್ತಾಗುವುದಿಲ್ಲವಲ್ಲ.

ದುಡ್ಡಿನ ಮಾತು ಮುಗಿದ ಮೇಲೆ ಶುರುವಾಯಿತು ನೋಡಿ ನಿಜವಾದ ಚರ್ಚೆ. ಯಾರು ಯಾರ ಜೊತೆ? ಅಪ್ಪ-ಅಮ್ಮ ಒಂದು ರೂಮ್, ನಾವಿಬ್ಬರು ಇನ್ನೊಂದು ಅನ್ನೋದು ನನ್ನ ಪ್ರಸ್ತಾಪ. ಬೇರೆ ಬೇರೆ ಮಂಚವಿದ್ದರೆ ನನಗೇನೂ ತೊಂದರೆ ಇರಲಿಲ್ಲ. ತಮ್ಮನೇ ಬೇಡ ಅಂದ. ‘ಅವಳು ರಾತ್ರಿ ಎರಡರವರೆಗೆ ರೀಲ್ಸ್ ನೋಡ್ತಾಳೆ, ನಂಗೆ ನಿದ್ದೆ ಬರಲ್ಲ’ ಅಂತ ಕಾರಣ ಕೊಟ್ಟ. ಟೆರೇಸಿನ ಮಾತು ನೆನಪಿದ್ದ ನಾನು ಒತ್ತಾಯ ಮಾಡಲಿಲ್ಲ. ಅಮ್ಮನಿಗೆ ಮಕ್ಕಳನ್ನು ಊರಲ್ಲದ ಊರಲ್ಲಿ ಬೇರೆ ರೂಮಿನಲ್ಲಿ ಬಿಡೋಕೆ ಭಯ. ಕೊನೆಗೆ ಛತ್ರದ ಪದ್ಧತಿಯೇ ಗೆದ್ದಿತು. ಹೆಂಗಸರಿಗೆ ಒಂದು, ಗಂಡಸರಿಗೆ ಒಂದು, ರೂಮ್‌ಗಳು ಅಕ್ಕಪಕ್ಕ.

ಚಿತ್ರದುರ್ಗ ದಾಟಿ ಹೊಸಪೇಟೆ ತಲುಪಿದಾಗ ರಾತ್ರಿ ಎಂಟು. ಹಂಪಿ ಅಲ್ಲಿಂದ ಸುಮಾರು 13 ಕಿ.ಮೀ. ಮಾತಂಗ ಬೆಟ್ಟದ ಸೂರ್ಯೋದಯ ನೋಡಲು ನಾಲ್ಕೂವರೆಗೆ ಅಲಾರಂ ಇಟ್ಟಿದ್ದೆವು. ಅಮ್ಮ ರಾತ್ರಿ ಹತ್ತಕ್ಕೆ ಮಂಚದ ಒಂದು ಅಂಚಿಗೆ ಮಲಗಿದಳು, ಅಭ್ಯಾಸಬಲ. ‘ಈ ಕಡೆ ಬಾ, ಜಾಗ ಇದೆ’ ಅಂದೆ. ಮಧ್ಯಕ್ಕೆ ಸರಿದಳು. ಕೈಕಾಲು ಚಾಚಿದಳು. ಆಮೇಲೆ ಹೇಳಿದ್ದು ಕೇಳಿ ನನಗೆ ಗಂಟಲು ಕಟ್ಟಿತು: ಟೂರಿಗೆ ಹೋದಾಗ ಅವಳು ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಮಾಡಿದ್ದೇ ಇಲ್ಲವಂತೆ. ನನ್ನ ಹೊದಿಕೆ ಸರಿಯಿತಾ, ಅವನು ಬಿದ್ದಾನಾ, ಅಪ್ಪನ ಗೊರಕೆಗೆ ಯಾರಿಗಾದರೂ ಎಚ್ಚರವಾಯಿತಾ ಅಂತ ನೋಡುತ್ತಾ ಬೆಳಗಾಗುತ್ತಿತ್ತಂತೆ. ನಮ್ಮ ಯಾವ ಟೂರ್ ಫೋಟೊದಲ್ಲೂ ಅಮ್ಮನ ಕಣ್ಣು ಪೂರ್ತಿ ತೆರೆದಿರುವುದಿಲ್ಲ, ಬಿಸಿಲಿಗೆ ಅಂತ ನಾವೆಲ್ಲ ರೇಗಿಸುತ್ತಿದ್ದೆವು.

ಬೆಳಗ್ಗೆ ಅಲಾರಂ ಹೊಡೆಯಿತು. ಅಮ್ಮ ಏಳಲಿಲ್ಲ. ಅಪ್ಪನಿಗೆ ಮೆಸೇಜ್ ಹಾಕಿದೆ, ‘ಸೂರ್ಯೋದಯ ನಾಳೆ ನೋಡೋಣ’ ಅಂತ. ಏಳೂವರೆಗೆ ಎದ್ದಳು.

ಎರಡು ರೂಮಿನಿಂದ ಕಳೆದುಕೊಂಡಿದ್ದೂ ಇದೆ, ಸುಳ್ಳು ಹೇಳಬಾರದು. ಲೈಟ್ ಆರಿಸಿದ ಮೇಲಿನ ಹರಟೆ ಇರಲಿಲ್ಲ. ಗೋಡೆಯಾಚೆ ಅಪ್ಪನೂ ತಮ್ಮನೂ ಯಾವುದೋ ಹಳೆ ಸಿನಿಮಾ ನೋಡಿ ಜೋರಾಗಿ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಅಪ್ಪ ಅವನ ಜೊತೆ ಅಷ್ಟು ಹೊತ್ತು ಮಾರ್ಕ್ಸ್ ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲಂತೆ, ತಮ್ಮನೇ ಹೇಳಿದ.

ಇದಕ್ಕೆಲ್ಲ ಇನ್ನೊಂದು ಮುಖವಿದೆ. ಪರೀಕ್ಷೆ, ಇಂಟರ್‌ವ್ಯೂ ಅಂತ ಓಡಾಡುವವರಿಗೆ ಅದು ಗೊತ್ತಿರುತ್ತೆ. ದೊಡ್ಡಪ್ಪನ ಮಗಳು ಬ್ಯಾಂಕ್ ಪರೀಕ್ಷೆ ಬರೆಯಲು ತನ್ನ ಸ್ವಂತ ಅಣ್ಣನ ಜೊತೆ ಬೆಂಗಳೂರಿಗೆ ಹೋಗಿದ್ದಳು. ಬೆಳಗ್ಗೆ ಏಳೂವರೆಗೆ ರಿಪೋರ್ಟಿಂಗ್, ಹಾಗಾಗಿ ಹಿಂದಿನ ರಾತ್ರಿಗೆ ಒಂದು ಲಾಡ್ಜ್ ಹುಡುಕಿದರು. ಕೌಂಟರಿನಲ್ಲಿದ್ದವನು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ರೂಮ್ ಇಲ್ಲ ಅಂದ. ಎರಡನೇ ಲಾಡ್ಜಿನಲ್ಲಿ ಇಬ್ಬರ ಆಧಾರ್ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ಅಪ್ಪನ ಹೆಸರು ಹೊಂದುತ್ತಾ ಅಂತ ಅಕ್ಷರ ಅಕ್ಷರ ನೋಡಿದರು, ಮೇಲೆ ದೊಡ್ಡಪ್ಪನಿಗೆ ಫೋನ್ ಮಾಡಿಸಿದರು. ಅಪ್ಪ-ಅಮ್ಮ ಜೊತೆಗಿದ್ದರೆ ಬೆಳೆದ ಅಣ್ಣ-ತಂಗಿಯನ್ನು ಒಂದೇ ಮಂಚಕ್ಕೆ ತುರುಕೋಕೆ ಯಾರಿಗೂ ಹಿಂಜರಿಕೆ ಇಲ್ಲ. ಅವರೇ ಇಬ್ಬರು ಎರಡು ಮಂಚದ ರೂಮ್ ಕೇಳಿದರೆ ಅನುಮಾನ! ಅವಳು ಆ ರಾತ್ರಿ ಓದಿದ್ದಕ್ಕಿಂತ ಅತ್ತಿದ್ದೇ ಹೆಚ್ಚು.

ನನ್ನ ಕ್ಲಾಸಿನಲ್ಲಿ ಈ ವಿಷಯ ಎತ್ತಿದಾಗ ಒಬ್ಬೊಬ್ಬರದ್ದೂ ಒಂದೊಂದು ಕತೆ. ಮೂವರು ಅಕ್ಕತಂಗಿಯರಿರುವ ಗೆಳತಿಗೆ ಇದು ಸಮಸ್ಯೆಯೇ ಅಲ್ಲ, ಅವಳ ಅಪ್ಪ ಮಾತ್ರ ಯಾವಾಗಲೂ ನೆಲದ ಮೇಲೆ. ಇನ್ನೊಬ್ಬನಿಗೆ ಅಮ್ಮ ಮಾತ್ರ ಇರೋದು. ಅವನೀಗ ಡಾರ್ಮಿಟರಿಯಲ್ಲಿ ಬೆಡ್ ತಗೊಂಡು ಅಮ್ಮನಿಗೆ ರೂಮ್ ಮಾಡಿಸುತ್ತಾನೆ.

ಬುಕ್ ಮಾಡುವ ಮೊದಲು ಫೋನಿನಲ್ಲಿ ಕೇಳಬೇಕಾದ್ದನ್ನು ನಾನೀಗ ಬಾಯಿಪಾಠ ಮಾಡಿಕೊಂಡಿದ್ದೇನೆ. ಮಂಚ ಒಂದೇ ದೊಡ್ಡದಾ, ಎರಡು ಬಿಡಿಯಾ? ಬಿಡಿ ಅಂದರೆ ನಿಜವಾಗಿ ಎಳೆದು ದೂರ ಇಡಬಹುದಾ, ಇಲ್ಲ ಮೊಳೆ ಹೊಡೆದು ಜೋಡಿಸಿಬಿಟ್ಟಿದ್ದಾರಾ? ಬಾತ್‌ರೂಮಿಗೆ ಗೋಡೆ ಇದೆಯಾ? ಒಳಗೆ ಬಟ್ಟೆ ನೇತುಹಾಕೋಕೆ ಮೊಳೆಯಾದರೂ ಇದೆಯಾ? ಒಂದೇ ರೂಮ್ ಸಾಕು ಅನ್ನುವವರು ಹೊದಿಕೆ ತಲೆಗೊಂದು ಸಿಗುತ್ತಾ ಅಂತ ಕೇಳಿ. ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ ಯಾರಿದ್ದಾರೋ ಅವರನ್ನು ಬೇರೆ ಬೇರೆಯಾಗಿ ಕೇಳಿ. ಊಟದ ತಟ್ಟೆ ಮುಂದೆ ಎಲ್ಲರೆದುರು ಕೇಳಿದರೆ ‘ಏನಿಲ್ಲ, ಹೆಂಗಾದ್ರೂ ಸರಿ’ ಅನ್ನೋ ಉತ್ತರ ಬರುತ್ತೆ.

ಬರುವ ಬೇಸಿಗೆಗೆ ಕುಕ್ಕೆಗೆ ಹೋಗಬೇಕು ಅಂತ ಅಜ್ಜಿಯ ಆಸೆ. ಈಗ ಐದು ಜನ. ಅಜ್ಜಿಗೆ ಮಂಡಿ ನೋವು, ಗ್ರೌಂಡ್ ಫ್ಲೋರೇ ಬೇಕು. ನಾನು, ಅಮ್ಮ, ಅಜ್ಜಿ ಒಂದು ರೂಮಿನಲ್ಲಿ ಅಂದರೆ ಮೂರನೆಯವರಿಗೆ ಮಂಚ ಎಲ್ಲಿಂದ ತರೋದು ಅನ್ನೋ ಲೆಕ್ಕ ಇನ್ನೂ ಬಗೆಹರಿದಿಲ್ಲ. ಮೊನ್ನೆ ಭಾನುವಾರ ಅಪ್ಪ ವರಾಂಡದಲ್ಲಿ ಓಡಾಡುತ್ತಾ ಯಾವುದೋ ಲಾಡ್ಜಿನವರ ಜೊತೆ ಫೋನಿನಲ್ಲಿ ಏರುದನಿಯಲ್ಲಿ ಮಾತಾಡುತ್ತಿದ್ದರು: ‘ಎಕ್ಸ್‌ಟ್ರಾ ಬೆಡ್ ಅಂದ್ರೆ ಏನ್ರೀ? ಮಂಚಾನೋ, ಬರೀ ಹಾಸಿಗೆನೋ? ಸರಿಯಾಗಿ ಹೇಳಿ.’