ಸಂದರ್ಭಕ್ಕೆ ತಕ್ಕ ಸೂಟು: ಜವಳಿ ವರ್ತಕರೂ ಹೊಲಿಗೆಗಾರರೂ ಗಮನಿಸಬೇಕಾದ ಸಂಗತಿಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪಟ್ಟಣಗಳ ಜವಳಿ ವ್ಯಾಪಾರವು ಇಂದಿಗೂ ಬಹುಮಟ್ಟಿಗೆ ಮದುವೆಯ ಹಂಗಾಮನ್ನೇ ಅವಲಂಬಿಸಿದೆ. ಹಿಂಗಾರಿ ಜೋಳದ ರಾಶಿ ಮುಗಿದು ರೈತನ ಕೈಗೆ ಹಣ ಬಂದ ಮೇಲೆ ಆರಂಭವಾಗುವ ಈ ಹಂಗಾಮು, ಬಸವ ಜಯಂತಿ ಮತ್ತು ಅಕ್ಷಯ ತೃತೀಯೆಗಳು ಕೂಡಿಬರುವ ದಿನದ ಆಸುಪಾಸಿನಲ್ಲಿ ಕಳೆಗಟ್ಟುತ್ತದೆ. ಇದೇ ಏಪ್ರಿಲ್-ಮೇ ತಿಂಗಳುಗಳಲ್ಲಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅತಿ ಹೆಚ್ಚು ಸೂಟುಗಳು ಹೊಲಿಗೆಗೆ ಬರುವ ಕಾಲವೂ, ಸೂಟು ತೊಡುವುದಕ್ಕೆ ಅತ್ಯಂತ ಪ್ರತಿಕೂಲವಾದ ಕಾಲವೂ ಒಂದೇ ಆಗಿರುವುದು ಈ ಭಾಗದ ವಿಶೇಷ. ಈ ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದಪ್ಪ ಬಟ್ಟೆಯನ್ನು ತರಿಸಿ ಅಂಗಡಿಯಲ್ಲಿ ತುಂಬಿಕೊಂಡ ವರ್ತಕನೂ, ಅದನ್ನೇ ಹೊಲಿದುಕೊಟ್ಟ ಹೊಲಿಗೆಗಾರನೂ ಮುಂದಿನ ವರ್ಷ ಅದೇ ಮನೆತನದ ಗಿರಾಕಿಯನ್ನು ಸಿದ್ಧ ಉಡುಪಿನ ಮಳಿಗೆಗೆ ಬಿಟ್ಟುಕೊಡಬೇಕಾಗುತ್ತದೆ.

ಕೋಟು ಈ ನಾಡಿಗೆ ಹೊಸದೇನಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ವಕೀಲರು, ಶಿಕ್ಷಕರು, ಅಡತಿ ವ್ಯಾಪಾರಸ್ಥರು ಧೋತರದ ಮೇಲೆ ಕುತ್ತಿಗೆಯವರೆಗೆ ಗುಂಡಿ ಹಾಕುವ ಕೋಟನ್ನು ತೊಟ್ಟು, ತಲೆಗೆ ರುಮಾಲು ಸುತ್ತುತ್ತಿದ್ದರು. ಇಂದಿನ ತರುಣರು ಜೋಧಪುರಿ ಎಂದು ಕರೆದು ಬಯಸುವ ಮುಚ್ಚುಗೊರಳಿನ ಕೋಟು ಅಜ್ಜನ ಆ ಕೋಟಿನ ಹತ್ತಿರದ ಬಂಧುವೇ ಆಗಿದೆ. ಹಳೆಯ ಹೊಲಿಗೆಗಾರರಿಗೆ ಅದರ ಕಾಲರ್ ಕೂರಿಸುವ ಕೈಚಳಕ ತಿಳಿದಿದೆ. ಅದನ್ನು ಅವರಿಂದ ಕಲಿಯುವವರ ಸಂಖ್ಯೆ ಮಾತ್ರ ಕಡಿಮೆಯಾಗುತ್ತಿದೆ.

ಮದುಮಗನ ಸೂಟು

ಮದುವೆಯ ಸೂಟನ್ನು ಬಹುತೇಕ ಸಂದರ್ಭಗಳಲ್ಲಿ ತೊಡುವವನು ತಾನೇ ಆರಿಸುವುದಿಲ್ಲ. ಜವಳಿ ತೆಗೆಯಲು ಎರಡೂ ಮನೆಯ ಹಿರಿಯರು ಕೂಡಿ ಬರುತ್ತಾರೆ. ಹೆಣ್ಣಿನ ಕಡೆಯವರು ಅಳಿಯನಿಗೆ ಕೊಡುವ ಸೂಟು ಎಂಬ ಕಾರಣಕ್ಕೆ ಬೆಲೆ ಹೆಚ್ಚಿರುವ ಬಟ್ಟೆಯೇ ಒಳ್ಳೆಯದೆಂಬ ಭಾವನೆ ಸಹಜವಾಗಿ ಮೂಡುತ್ತದೆ. ಮದುವೆಯ ಜವಳಿಗೆ ಹೆಸರಾದ ಚಡಚಣದಲ್ಲಾಗಲಿ, ಸೊಲ್ಲಾಪುರದ ಪೇಟೆಯಲ್ಲಾಗಲಿ, ಸಿಂದಗಿಯ ಚಿಕ್ಕ ಅಂಗಡಿಯಲ್ಲಾಗಲಿ ವ್ಯಾಪಾರಿಯು ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ. ಅಕ್ಷತೆ ಎಷ್ಟು ಹೊತ್ತಿಗೆ, ಹಂದರದಲ್ಲಿಯೋ ಅಥವಾ ಕಲ್ಯಾಣ ಮಂಟಪದಲ್ಲಿಯೋ, ಸೂಟು ತೊಡುವುದು ಅಕ್ಷತೆಗೋ ಅಥವಾ ಸಂಜೆಯ ಆರತಕ್ಷತೆಗೋ ಎಂಬುದನ್ನು ಮೊದಲು ತಿಳಿಯಬೇಕು.

ಮಧ್ಯಾಹ್ನದ ಮುಹೂರ್ತಕ್ಕೆ ಹಂದರದ ಕೆಳಗೆ ಸೂಟು ತೊಡುವುದಾದರೆ ಬಟ್ಟೆಯು ಹಗುರವಾಗಿರಬೇಕು, ನೇಯ್ಗೆಯು ಗಾಳಿಯಾಡುವಂತೆ ತೆರವಾಗಿರಬೇಕು, ಬಣ್ಣವು ತಿಳಿಯಾಗಿರಬೇಕು. ಆದರೆ ತಿಳಿ ಬಣ್ಣಕ್ಕೆ ಒಂದು ಶತ್ರುವಿದೆ, ಅದು ಅರಿಶಿಣ. ಕಾರ್ಯದಲ್ಲಿ ಅರಿಶಿಣ ಕುಂಕುಮಗಳ ಸೋಂಕು ತಪ್ಪಿದ್ದಲ್ಲ, ಹಾರದ ಹೂವಿನ ಕಲೆಯೂ ಕೋಟಿನ ಎದೆಯ ಮೇಲೆಯೇ ಬೀಳುತ್ತದೆ. ಆದುದರಿಂದ ಶುಭ್ರ ಕೆನೆಬಣ್ಣಕ್ಕಿಂತ ತಿಳಿ ಬೂದು, ಮರಳಿನ ಬಣ್ಣ ಅಥವಾ ಮಸುಕು ನೀಲಿ ಹೆಚ್ಚು ಕಾಲ ಬಾಳುತ್ತವೆ. ಕಡುನೀಲಿ, ಮರೂನ್ ಮತ್ತು ಕಪ್ಪು ಬಣ್ಣಗಳನ್ನು ದೀಪದ ಬೆಳಕಿನ ಸಂಜೆಯ ಸಮಾರಂಭಕ್ಕೆ ಮೀಸಲಿಡುವುದು ಯುಕ್ತ.

ಪೇಟೆಯ ಸಿದ್ಧ ಸೂಟುಗಳು ಗಮನಿಸದೆ ಬಿಡುವ ಇನ್ನೊಂದು ಸಂಗತಿಯಿದೆ. ಸೂಟು ಮೂಲತಃ ನಿಲ್ಲುವವನ ಮತ್ತು ಕುರ್ಚಿಯ ಮೇಲೆ ಕೂರುವವನ ಉಡುಪು. ನಮ್ಮ ಮದುಮಗನಾದರೋ ತಲೆಗೆ ಪೇಟ, ಹಣೆಗೆ ಬಾಸಿಂಗ ಕಟ್ಟಿಕೊಂಡು ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಬಹಳ ಹೊತ್ತು ಕೂರುತ್ತಾನೆ, ಹಿರಿಯರಿಗೆ ಬಾಗಿ ನಮಸ್ಕರಿಸುತ್ತಾನೆ, ಕೈಗಳನ್ನು ಮುಂದಕ್ಕೆ ಚಾಚುತ್ತಾನೆ. ಮೈಗಂಟಿದಂತೆ ಹೊಲಿದ ಇಂದಿನ ಮಾದರಿಯ ಪ್ಯಾಂಟಿನ ಆಸನದ ಹೊಲಿಗೆ ಬಿಚ್ಚಿಕೊಳ್ಳುವುದು ಇಂತಹ ಸಮಯದಲ್ಲಿಯೇ. ಆಸನದ ಆಳವನ್ನು ತುಸು ಹೆಚ್ಚಿಸಿ, ತೊಡೆಯ ಭಾಗದಲ್ಲಿ ಸಡಿಲ ಬಿಟ್ಟು ಮೊಣಕಾಲಿನ ಕೆಳಗೆ ಕಿರಿದು ಮಾಡಿದರೆ ನೋಟವೂ ಕೆಡುವುದಿಲ್ಲ. ಕೋಟಿನ ಬೆನ್ನಿಗೆ ನಡುವೆ ಒಂದು ಸೀಳು ಇಡುವ ಬದಲು ಎರಡೂ ಪಕ್ಕದಲ್ಲಿ ಸೀಳು ಇಟ್ಟರೆ ಕುಳಿತಾಗ ಹಿಂಭಾಗ ಮುದುರುವುದಿಲ್ಲ. ತೋಳಿನ ಕಂಕುಳ ಸುತ್ತಳತೆಯನ್ನು ಎತ್ತರದಲ್ಲಿ ಕತ್ತರಿಸಿದರೆ ಕೈ ಎತ್ತಿದಾಗ ಕೋಟು ಪೂರ್ತಿಯಾಗಿ ಮೇಲೇಳುವುದಿಲ್ಲ. ಅಳತೆ ತೆಗೆಯುವಾಗ ಗಿರಾಕಿಯನ್ನು ಒಮ್ಮೆ ನೆಲದ ಮೇಲೆ ಕೂರಿಸಿ ನೋಡುವ ಹೊಲಿಗೆಗಾರನಿಗೆ ಹೊಂದುವ ಪ್ರತಿಸ್ಪರ್ಧಿ ಯಾವ ಮಹಾನಗರದ ಕಾರ್ಖಾನೆಯಲ್ಲಿಯೂ ಇಲ್ಲ.

ಬಟ್ಟೆಯ ಲೆಕ್ಕ

ಸೂಟಿನ ಬಟ್ಟೆಯನ್ನು ಮೂರು ಬಗೆಯಾಗಿ ತಿಳಿಯಬಹುದು: ಶುದ್ಧ ಉಣ್ಣೆ, ಪಾಲಿಯೆಸ್ಟರ್ ಬೆರೆಸಿದ ಉಣ್ಣೆ, ಹಾಗೂ ಪಾಲಿಯೆಸ್ಟರ್-ವಿಸ್ಕೋಸ್ ಮಿಶ್ರಣ. ತಾಲೂಕು ಪೇಟೆಗಳಲ್ಲಿ ಹೆಚ್ಚಾಗಿ ಖರ್ಚಾಗುವುದು ಮೂರನೆಯದು. ರಾಜಸ್ಥಾನದ ಭಿಲ್ವಾರಾ ನಗರವು ಈ ಬಗೆಯ ಬಟ್ಟೆಯ ಬಹುದೊಡ್ಡ ನೆಲೆ. ಬೆಲೆ ಕಡಿಮೆ, ಸುಕ್ಕು ಕಡಿಮೆ, ಬಣ್ಣ ಗಟ್ಟಿ. ಆದರೆ ಪಾಲಿಯೆಸ್ಟರ್ ಬೆವರನ್ನು ಹೀರುವುದಿಲ್ಲ. ಉಣ್ಣೆ ಎಂದರೆ ಚಳಿಗಾಲದ ಬಟ್ಟೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆಯಾದರೂ, ತೆಳುವಾಗಿ ನೇಯ್ದ ಉಣ್ಣೆಯ ಬಟ್ಟೆಯು ಬೆವರಿನ ಆವಿಯನ್ನು ಹೀರಿ ಹೊರಹಾಕುವುದರಿಂದ ಬೇಸಿಗೆಯಲ್ಲಿ ಪಾಲಿಯೆಸ್ಟರ್‌ಗಿಂತ ಹಿತಕರವಾಗಿರುತ್ತದೆ. ಪೂರ್ಣ ಉಣ್ಣೆ ಕೊಳ್ಳುವ ಶಕ್ತಿಯಿಲ್ಲದವರಿಗೆ ಉಣ್ಣೆ-ಪಾಲಿಯೆಸ್ಟರ್ ಮಿಶ್ರಣ ನಡುಮಾರ್ಗವಾಗಿದೆ.

ತೂಕದ ವಿಷಯದಲ್ಲಿ ವರ್ತಕರು ಮೋಸಹೋಗುವ ಒಂದು ಸ್ಥಳವಿದೆ. ಕೆಲವು ಗಿರಣಿಗಳು ತೂಕವನ್ನು ಪ್ರತಿ ಚದರ ಮೀಟರಿಗೆ, ಮತ್ತೆ ಕೆಲವು ಪೂರ್ಣ ಅಗಲದ ಒಂದು ಮೀಟರ್ ಉದ್ದಕ್ಕೆ ನಮೂದಿಸುತ್ತವೆ. 150 ಸೆಂಟಿಮೀಟರ್ ಅಗಲದ ಬಟ್ಟೆಯು ಮೀಟರ್ ಉದ್ದಕ್ಕೆ 250 ಗ್ರಾಂ ತೂಗಿದರೆ, ಚದರ ಮೀಟರಿನ ಲೆಕ್ಕದಲ್ಲಿ ಅದು ಸುಮಾರು 167 ಗ್ರಾಂ ಮಾತ್ರ. ನಮ್ಮ ಬೇಸಿಗೆಗೆ ಮೀಟರ್ ಉದ್ದಕ್ಕೆ 220ರಿಂದ 260 ಗ್ರಾಂ ತೂಗುವ ಬಟ್ಟೆ ಸಾಕು. 300 ಗ್ರಾಂ ದಾಟಿದ್ದನ್ನು ಡಿಸೆಂಬರ್-ಜನವರಿಯ ಸಮಾರಂಭಗಳಿಗೂ, ಉತ್ತರ ಭಾರತಕ್ಕೆ ಹೋಗಿಬರುವವರಿಗೂ ಇಟ್ಟುಕೊಳ್ಳಬಹುದು. ದರಪಟ್ಟಿ ನೋಡುವಾಗ ಯಾವ ಲೆಕ್ಕವೆಂದು ಕೇಳದೆ ಮಾಲು ತರಿಸಬಾರದು.

ಅಂಚಿನ ಮೇಲೆ ನೇಯ್ದಿರುವ ‘ಸೂಪರ್ 100’, ‘ಸೂಪರ್ 120’ ಎಂಬ ಬರಹವು ಗಿರಾಕಿಗಳನ್ನು ಬಹಳ ಆಕರ್ಷಿಸುತ್ತದೆ. ಇದು ಉಣ್ಣೆಯ ಎಳೆಯ ಸಣ್ಣತನವನ್ನು ಸೂಚಿಸುವ ಅಂಕಿ: ಅಂತರರಾಷ್ಟ್ರೀಯ ಉಣ್ಣೆ ಜವಳಿ ಸಂಘಟನೆಯ ನಿಯಮದಂತೆ ಸೂಪರ್ 100ರ ಎಳೆ ಹೆಚ್ಚೆಂದರೆ 18.75 ಮೈಕ್ರಾನ್, ಸೂಪರ್ 120ರದು 17.75 ಮೈಕ್ರಾನ್ ದಪ್ಪವಿರಬೇಕು. ಅಂಕಿ ಏರಿದಷ್ಟೂ ಬಟ್ಟೆ ನುಣುಪಾಗುತ್ತದೆ, ಜೊತೆಗೆ ನಾಜೂಕೂ ಆಗುತ್ತದೆ. ವಾರಕ್ಕೆ ನಾಲ್ಕು ದಿನ ಸೂಟು ತೊಡುವವನಿಗೆ ಸೂಪರ್ 100 ಸಾಕಾದೀತು. ಪಾಲಿಯೆಸ್ಟರ್ ತುಂಬಿದ ಬಟ್ಟೆಯ ಅಂಚಿನಲ್ಲಿ ಇದೇ ಬರಹ ಕಂಡರೆ ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಸಂಶಯ ಬಂದಲ್ಲಿ ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿದರೆ ಸಾಕು: ಉಣ್ಣೆಯು ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುವ ಬೂದಿ ಬಿಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ವಿಸ್ಕೋಸ್ ಕಾಗದದಂತೆ ಉರಿದುಹೋಗುತ್ತದೆ.

ಆಯೇರಿಯಲ್ಲಿ ಬಂದ ಸೂಟ್‌ಪೀಸಿನ ಪೆಟ್ಟಿಗೆಯನ್ನು ಹೊಲಿಗೆಗೆ ತರುವವರು ಬಹಳ. ಸಾಧಾರಣ ಮೈಕಟ್ಟಿನವನ ಕೋಟು-ಪ್ಯಾಂಟಿಗೆ ಅಗಲ ಪನ್ನದ ಬಟ್ಟೆ ಮೂರರಿಂದ ಮೂರೂಕಾಲು ಮೀಟರ್ ಬೇಕು; ಒಳಕೋಟು ಬೇಕೆಂದರೆ ಇನ್ನೂ ಮುಕ್ಕಾಲು ಮೀಟರ್. ಪೆಟ್ಟಿಗೆಯ ತುಂಡು ಇದಕ್ಕಿಂತ ಕಡಿಮೆಯಿದ್ದರೆ ಹೊಲಿಗೆಗಾರನು ಮಾರ್ಜಿನ್ ಕಡಿತಗೊಳಿಸಿ ಹೊಂದಿಸುತ್ತಾನೆ. ಮದುವೆಯಾದ ಎರಡು ವರ್ಷಕ್ಕೆ ಮೈ ತುಂಬಿದಾಗ ಬಿಚ್ಚಿ ಸಡಿಲಿಸಲು ಒಳಗೆ ಬಟ್ಟೆಯೇ ಇರುವುದಿಲ್ಲ.

ಒಳಗಿನ ಕೆಲಸ

ಕೋಟಿನ ಎದೆಗೆ ಆಕಾರ ಕೊಡುವುದು ಹೊರಗಿನ ಬಟ್ಟೆಯಲ್ಲ, ಅದರ ಹಿಂದಿನ ಕ್ಯಾನ್ವಾಸ್. ಹಳೆಯ ಪದ್ಧತಿಯಲ್ಲಿ ಇದನ್ನು ನೆನೆಸಿ ಕುಗ್ಗಿಸಿ, ಒಣಗಿಸಿ, ಕೈಯಿಂದ ಸಡಿಲವಾಗಿ ಹೊಲಿದು ಕೂರಿಸಲಾಗುತ್ತದೆ. ಈಗ ರೂಢಿಯಲ್ಲಿರುವುದು ಅಂಟುಳ್ಳ ಒಳಬಟ್ಟೆ. ಬಿಸಿ ಒತ್ತಿದರೆ ಹೊರಬಟ್ಟೆಗೆ ಅಂಟಿಕೊಳ್ಳುತ್ತದೆ, ದಿನಗಳ ಕೆಲಸ ಗಂಟೆಗೆ ಇಳಿಯುತ್ತದೆ. ಈ ವಿಧಾನವನ್ನು ಹಳಿಯಬೇಕಾಗಿಲ್ಲ. ಆದರೆ ಅಂಟು ಸರಿಯಾಗಿ ಹಿಡಿಯಲು ಉಷ್ಣತೆ, ಒತ್ತಡ ಮತ್ತು ಸಮಯ ಮೂರೂ ಎಲ್ಲೆಡೆ ಸಮನಾಗಿರಬೇಕು. ಕೈಯಿಸ್ತ್ರಿಯಲ್ಲಿ ಇದು ಸಾಧ್ಯವಾಗುವುದಿಲ್ಲ. ಮೊದಲ ಒಗೆತಕ್ಕೋ ಒಂದು ಮಳೆಗೋ ಎದೆಯ ಮೇಲೆ ಗುಳ್ಳೆಗಳೇಳುತ್ತವೆ. ಗುಳ್ಳೆ ಎದ್ದ ಕೋಟಿಗೆ ದುರಸ್ತಿಯಿಲ್ಲ. ಒಂದೇ ಊರಿನ ನಾಲ್ಕೈದು ಹೊಲಿಗೆಗಾರರು ಕೂಡಿ ಒಂದು ಫ್ಯೂಸಿಂಗ್ ಯಂತ್ರವನ್ನು ಇಟ್ಟುಕೊಳ್ಳುವುದು ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ. ಬೇಸಿಗೆಯ ಕೋಟಿಗೆ ಅಸ್ತರವನ್ನು ಅರ್ಧ ಬೆನ್ನಿಗೆ ಮಾತ್ರ ಹಾಕಿದರೆ ಗಾಳಿಯಾಡುತ್ತದೆ.

ಟ್ರಯಲ್ ಸಮಯದಲ್ಲಿ ಮೊದಲು ನೋಡಬೇಕಾದದ್ದು ಭುಜ. ಸೊಂಟ, ತೋಳಿನ ಉದ್ದ, ಪ್ಯಾಂಟಿನ ಕಾಲು ಇವನ್ನೆಲ್ಲ ತಿದ್ದಬಹುದು. ಭುಜ ಕೆಟ್ಟರೆ ಕೋಟನ್ನೇ ಬಿಚ್ಚಬೇಕು. ಕಾಲರ್ ಕುತ್ತಿಗೆಯಿಂದ ದೂರ ನಿಲ್ಲಬಾರದು, ತೋಳಿನ ಕೆಳಗೆ ಅಂಗಿಯ ಕೈಪಟ್ಟಿ ಅರ್ಧ ಇಂಚಿನಷ್ಟು ಕಾಣಬೇಕು.

ನ್ಯಾಯಾಲಯ, ಸಂದರ್ಶನ, ವ್ಯವಹಾರ

ಹಂಗಾಮಿನ ಹಂಗಿಲ್ಲದ ಗಿರಾಕಿಯೆಂದರೆ ವಕೀಲರು. ನಾಲ್ಕೂ ಪಟ್ಟಣಗಳಲ್ಲಿ ನ್ಯಾಯಾಲಯಗಳಿವೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಪುರುಷ ವಕೀಲರು ಕಪ್ಪು ತೆರೆದ ಕೋಟನ್ನಾಗಲಿ, ಕಪ್ಪು ಮುಚ್ಚುಗೊರಳಿನ ಕೋಟನ್ನಾಗಲಿ ಬಿಳಿಯ ಬ್ಯಾಂಡಿನೊಡನೆ ಧರಿಸಬಹುದು. ಪ್ಯಾಂಟು ಕಪ್ಪು, ಬಿಳಿ, ಬೂದು ಅಥವಾ ಗೆರೆಯುಳ್ಳದ್ದಾಗಿರಬಹುದು. ಬೇಸಿಗೆಯಲ್ಲಿ ಕೆಳ ನ್ಯಾಯಾಲಯಗಳಲ್ಲಿ ಕಪ್ಪು ಕೋಟು ಕಡ್ಡಾಯವಲ್ಲ, ಉಚ್ಚ ನ್ಯಾಯಾಲಯದಲ್ಲಿ ಈ ವಿನಾಯಿತಿ ಇಲ್ಲ. 2008ರಲ್ಲಿ ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಆದ ಮೇಲೆ ಈ ಜಿಲ್ಲೆಯ ವಕೀಲರು ಮೇ ತಿಂಗಳ ಬಿಸಿಲಿಗೂ ಅಲ್ಲಿಗೆ ಹೋಗಿಬರಬೇಕಾದ ಪ್ರಸಂಗಗಳಿವೆ. ಹಗುರ ಉಣ್ಣೆಯ, ಅರ್ಧ ಅಸ್ತರದ ಕಪ್ಪು ಕೋಟಿಗೆ ಇವರಲ್ಲಿ ನಿಜವಾದ ಬೇಡಿಕೆಯಿದೆ. ಆದರೂ ಹೊಳೆಯುವ ಪಾಲಿಯೆಸ್ಟರ್ ಕಪ್ಪು ಬಟ್ಟೆಯೇ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿರುವುದು ಆಶ್ಚರ್ಯ.

ಉದ್ಯೋಗದ ಸಂದರ್ಶನಕ್ಕೆ ಹೋಗುವ ತರುಣನಿಗೆ ಕಡುನೀಲಿ ಅಥವಾ ಕಡುಬೂದು, ಎರಡು ಗುಂಡಿಯ, ಮಿಂಚಿಲ್ಲದ ಸೂಟು ಯೋಗ್ಯ. ಅದೇ ಕೋಟನ್ನು ಬೇರೆ ಪ್ಯಾಂಟಿನೊಡನೆ ತೊಡಲು ಬರುವಂತೆ ಸಾದಾ ಬಟ್ಟೆ ಆರಿಸಿದರೆ ಒಂದರಲ್ಲಿ ಎರಡು ಕೆಲಸವಾಗುತ್ತದೆ. ಒಣದ್ರಾಕ್ಷಿ, ನಿಂಬೆ ಮುಂತಾದ ಮಾಲಿನ ವ್ಯವಹಾರಕ್ಕಾಗಿ ಮುಂಬಯಿ, ದುಬೈಗಳ ಮೇಳಗಳಿಗೆ ಹೋಗುವ ವರ್ತಕರಿಗೂ ಇದೇ ಮಾತು ಅನ್ವಯಿಸುತ್ತದೆ. ಇವರು ತೆರೆದ ಕೋಟಿಗಿಂತ ಮುಚ್ಚುಗೊರಳಿನ ಕೋಟು ಹೊಲಿಸುವುದು ಲೇಸು, ಏಕೆಂದರೆ ಟೈ ಕಟ್ಟುವ ತಾಪತ್ರಯವಿಲ್ಲ.

ತೆರಿಗೆಯ ಬದಲಾವಣೆ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಂತೆ, ಒಂದು ನಗಕ್ಕೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5, ಅದನ್ನು ಮೀರಿದ್ದಕ್ಕೆ ಶೇ. 18 ತೆರಿಗೆಯಿದೆ. ಮೊದಲು 1,000 ರೂಪಾಯಿ ಮೀರಿದ ಉಡುಪಿಗೆ ಶೇ. 12 ಇತ್ತು. ಬಟ್ಟೆಯ ಮೇಲಿನ ತೆರಿಗೆ ಶೇ. 5 ಆಗಿದ್ದು, ಹೊಲಿಗೆ ಸೇವೆಯ ತೆರಿಗೆಯನ್ನು 2018ರ ಜನವರಿಯಲ್ಲಿಯೇ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಗಿತ್ತು.

ಉದಾಹರಣೆಗೆ, 8,000 ರೂಪಾಯಿಯ ಸಿದ್ಧ ಸೂಟಿಗೆ ಶೇ. 18ರಂತೆ 1,440 ರೂಪಾಯಿ ತೆರಿಗೆ ಬೀಳುತ್ತದೆ. 4,500 ರೂಪಾಯಿಯ ಬಟ್ಟೆ ಕೊಂಡು 3,500 ರೂಪಾಯಿ ಕೂಲಿಗೆ ಹೊಲಿಸಿದರೆ ಎರಡಕ್ಕೂ ಸೇರಿ 400 ರೂಪಾಯಿ. ಹೊಲಿಗೆಗಾರನ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದೆ ನೋಂದಣಿ ಇಲ್ಲದಿದ್ದರೆ ಬಟ್ಟೆಯ ಮೇಲಿನ 225 ರೂಪಾಯಿ ಮಾತ್ರ. ಸಾವಿರ ರೂಪಾಯಿಗೂ ಮೀರಿದ ಈ ಅಂತರವನ್ನು ಗಿರಾಕಿಗೆ ತೋರಿಸಿಕೊಡಲು ಜವಳಿ ವರ್ತಕರು ಹಿಂಜರಿಯಬೇಕಾಗಿಲ್ಲ. ಆದರೆ ವರ್ತಕರು ತಮ್ಮದೇ ಬಟ್ಟೆಯಿಂದ ಸೂಟು ಹೊಲಿಸಿ ಇಡಿಯಾಗಿ ಮಾರಿದರೆ ಅದು ಸಿದ್ಧ ಉಡುಪಿನ ಮಾರಾಟವೆಂದು ಪರಿಗಣಿತವಾಗುವ ಸಂಭವವಿದೆ. ಬಟ್ಟೆಯ ಬಿಲ್ಲು ಮತ್ತು ಹೊಲಿಗೆಯ ಬಿಲ್ಲು ಹೇಗಿರಬೇಕೆಂಬುದನ್ನು ಹಂಗಾಮಿಗೆ ಮೊದಲೇ ತೆರಿಗೆ ಸಲಹೆಗಾರರಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ಹೊಲಿಗೆಗಾರರಿಗೆ ಬಂಡವಾಳದ ಕೊರತೆಯಿದ್ದಲ್ಲಿ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಸೇರಿದೆ. ಸಲಕರಣೆಗೆ 15,000 ರೂಪಾಯಿ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿವರೆಗೆ ಸಾಲ ಇದರಡಿ ದೊರೆಯುತ್ತದೆ. ಹೊಸ ಹೊಲಿಗೆ ಯಂತ್ರಕ್ಕಿಂತ ಮೊದಲು ಆವಿಯ ಇಸ್ತ್ರಿಯನ್ನು ಕೊಳ್ಳುವುದು ಕೋಟು ಹೊಲಿಯುವವರಿಗೆ ಹೆಚ್ಚು ಲಾಭದಾಯಕ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದೊಡನೆ ಮದುವೆಯ ಕೋಟುಗಳ ಮುಂಗಡ ಹಿಡಿದು, ಟ್ರಯಲ್ ದಿನಾಂಕವನ್ನು ರಸೀದಿಯ ಮೇಲೆಯೇ ಬರೆದುಕೊಟ್ಟರೆ ಲಗ್ನದ ಮುನ್ನಾದಿನ ರಾತ್ರಿ ಕಾಜಾ ಹಾಕುವ ಪ್ರಸಂಗ ಬರುವುದಿಲ್ಲ.