ಆರಿದ್ರಾ ನಕ್ಷತ್ರ ನೋಡಿದ ಅಜ್ಜಿ

ಊರಿನಿಂದ ಹಿರಿಯರು ಮುಂಬಯಿಗೆ ಬಂದರೆ ನಾವು ತೋರಿಸುವ ಜಾಗಗಳು ಹೆಚ್ಚುಕಡಿಮೆ ಒಂದೇ: ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಗೇಟ್‌ವೇ, ಜುಹೂ ಚೌಪಾಟಿ. ಮಕ್ಕಳ ಪಟ್ಟಿಯೇ ಬೇರೆ. ಅಜ್ಜಿಗೂ ಮೊಮ್ಮಗನಿಗೂ ಒಟ್ಟಿಗೆ ಹಿಡಿಸುವಂಥ ಜಾಗ ಬೇಕೆಂದರೆ ವರ್ಲಿಯಲ್ಲಿರುವ ನೆಹರೂ ವಿಜ್ಞಾನ ಕೇಂದ್ರ ಮತ್ತು ನೆಹರೂ ತಾರಾಲಯಕ್ಕೆ ಹೋಗಿಬನ್ನಿ. ಸಂಕ್ರಾಂತಿ ಕಳೆದ ಭಾನುವಾರ ನಾವು ಹೋದೆವು: ನಾನು, ಹನ್ನೊಂದು ವರ್ಷದ ಮಗ ಮತ್ತು ಹಾವೇರಿ ಕಡೆಯ ಹಳ್ಳಿಯಿಂದ ಬಂದಿದ್ದ ಅತ್ತೆ.

ವಿಜ್ಞಾನ ಕೇಂದ್ರ ಒಮ್ಮೆಲೇ ಕಟ್ಟಿದ್ದಲ್ಲ. 1977ರಲ್ಲಿ ಬೆಳಕು ಮತ್ತು ದೃಷ್ಟಿಯ ಕುರಿತ ಒಂದು ಪ್ರದರ್ಶನದಿಂದ ಶುರುವಾಗಿ, 1979ರಲ್ಲಿ ಮಕ್ಕಳ ವಿಜ್ಞಾನ ಉದ್ಯಾನ ಸೇರಿ, 1985ರ ನವೆಂಬರ್ 11ರಂದು ಪೂರ್ಣ ರೂಪದಲ್ಲಿ ಜನರಿಗೆ ತೆರೆಯಿತು. ‘ಮುಟ್ಟಬೇಡಿ’ ಎನ್ನುವ ಬೇರೆ ವಸ್ತುಸಂಗ್ರಹಾಲಯಗಳಂತಲ್ಲ ಇದು. ಇಲ್ಲಿ ಒತ್ತಬೇಕು, ತಿರುಗಿಸಬೇಕು, ಎಳೆಯಬೇಕು, ಆಮೇಲೆ ಏನಾಯಿತೆಂದು ನೋಡಬೇಕು. ಕನ್ನಡಿಗಳ ಮುಂದೆ ಅತ್ತೆ ಒಮ್ಮೆ ಗಿಡ್ಡಾಗಿ, ಒಮ್ಮೆ ಉದ್ದಾಗಿ ತಮ್ಮನ್ನೇ ನೋಡಿಕೊಂಡು ನಕ್ಕರು. ರಾಟೆಗಳ ಹತ್ತಿರ ಮಾತ್ರ ಅವರಿಗೆ ಯಾರ ವಿವರಣೆಯೂ ಬೇಕಾಗಲಿಲ್ಲ. “ಬಾವ್ಯಾಗಿಂದ ನೀರು ಸೇದಿದವರಿಗೆ ಇದನ್ನೇನು ಹೇಳಿಕೊಡ್ತೀರಿ” ಅಂದರು.

ಹೊರಗಿನ ಅಂಗಳದಲ್ಲಿ ಕನ್ನಡಿಗರು ತುಸು ಹೊತ್ತು ನಿಲ್ಲಬೇಕಾದ ಒಂದು ವಿಮಾನವಿದೆ. ಹೆಸರು ಎಚ್‌ಎಫ್-24 ಮಾರುತ್. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ, 1961ರ ಜೂನ್ 17ರಂದು ಮೊದಲ ಸಲ ಹಾರಿತು. 1971ರ ಯುದ್ಧದಲ್ಲೂ ಪಾಲ್ಗೊಂಡಿತು. “ನಮ್ಮ ಬೆಂಗಳೂರಿಂದು” ಎಂದಾಗ ಮಗ ಮತ್ತೊಂದು ಸುತ್ತು ಹಾಕಿ ನೋಡಿಬಂದ.

ಮಧ್ಯಾಹ್ನ ಆ್ಯನಿ ಬೆಸೆಂಟ್ ರಸ್ತೆಯ ತಾರಾಲಯ. ಇದೂ 1977ರದ್ದೇ, ಉದ್ಘಾಟನೆ ಮಾರ್ಚ್ 3ರಂದು. ಪ್ರದರ್ಶನಗಳು ಹಿಂದಿ, ಮರಾಠಿ, ಇಂಗ್ಲಿಷ್‌ನಲ್ಲಿ ಇರುತ್ತವೆ. ನಾವು ಹೋದದ್ದು ಹಿಂದಿಯದಕ್ಕೆ. ಅತ್ತೆಗೆ ಹಿಂದಿ ಬರುವುದಿಲ್ಲ. ಮಗನೋ, ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವನು. ಅತ್ತೆ ಬಂದ ಹದಿನೈದು ದಿನಗಳಲ್ಲಿ ಇಬ್ಬರ ನಡುವೆ “ಊಟ ಆತೇನು”, “ಹೂಂ” ದಾಟಿ ಮಾತು ಬೆಳೆದಿರಲಿಲ್ಲ. ಅದೇ ನನ್ನನ್ನು ಕೊರೆಯುತ್ತಿತ್ತು.

ದೀಪ ಆರಿತು. ಗುಮ್ಮಟದ ತುಂಬ ನಕ್ಷತ್ರ. ಮುಂಬಯಿಯ ದೀಪಗಳ ಬೆಳಕಿನಲ್ಲಿ ನಮಗೆ ಎಂದೂ ಕಾಣದ ಆಕಾಶ ಅದು. ಅತ್ತೆಗೆ ಮಾತ್ರ ಗುರುತಿನದು. ಬಾಣ ನೆತ್ತಿಗೇರಿದಂತೆ ಕೃತ್ತಿಕೆಯ ಗೊಂಚಲು ಬಂತು, ಆಮೇಲೆ ರೋಹಿಣಿ, ಮೃಗಶಿರ, ಕೊನೆಗೆ ಕೆಂಪಗೆ ಹೊಳೆಯುವ ಆರ್ದ್ರಾ. ಹೆಸರುಗಳು ಹಿಂದಿಯಲ್ಲೂ ಅವೇ. ಅತ್ತೆ ಕತ್ತಲಲ್ಲೇ ಮಗನ ಕಡೆ ಬಾಗಿ, “ತಮ್ಮಾ, ಇವೆಲ್ಲಾ ನಮ್ಮ ಮಳಿ ಹೆಸರಲ್ಲೇನು? ಆದ್ರ ಆರಿದ್ರಾ, ಇಲ್ಲಾಂದ್ರ ದರಿದ್ರ ಅಂತೀವಿ” ಅಂದರು.

ಅವನು ಸುಮ್ಮನಾಗಲಿಲ್ಲ. ಹೊರಬಂದ ಮೇಲೆ ಕೇಳಿದ: “ಅಜ್ಜಿ, ಆರಿದ್ರಾ ಈಗ ಜನವರಿಯಲ್ಲಿ ಕಾಣ್ತದೆ. ಮಳೆ ಬರೋದು ಜೂನ್‌ನಲ್ಲಿ. ಅದು ಹೇಗೆ?”

ಅತ್ತೆಗೆ ಉತ್ತರ ತಿಳಿದಿರಲಿಲ್ಲ, ನನಗೂ ಇಲ್ಲ. ಬಾಗಿಲಲ್ಲಿದ್ದ ಸಿಬ್ಬಂದಿಯೊಬ್ಬರು ಹಿಂದಿಯಲ್ಲಿ ಕೈ ತಿರುಗಿಸಿ ವಿವರಿಸಿದರು. ಭೂಮಿ ಸುತ್ತುವುದರಿಂದ ಸೂರ್ಯ ವರ್ಷವಿಡೀ 27 ನಕ್ಷತ್ರಗಳ ಮುಂದೆ ಸಾಗಿದಂತೆ ಕಾಣುತ್ತಾನೆ, ಒಂದೊಂದರಲ್ಲಿ ಹದಿಮೂರು-ಹದಿನಾಲ್ಕು ದಿನ. ಜೂನ್ 22ರ ಸುಮಾರಿಗೆ ಅವನು ಆರ್ದ್ರಾ ಪ್ರವೇಶಿಸುತ್ತಾನೆ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಮುಳುಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆರು ತಿಂಗಳ ನಂತರ ಭೂಮಿ ಸೂರ್ಯನ ಇನ್ನೊಂದು ಬದಿಗೆ ಹೋದಾಗ ಅದೇ ನಕ್ಷತ್ರ ರಾತ್ರಿಯ ಆಕಾಶದಲ್ಲಿರುತ್ತದೆ.

ಇಷ್ಟನ್ನೂ ಮಗ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕಾಯಿತು. ನಾನು ಬಾಯಿ ಹಾಕಲಿಲ್ಲ. ‘ಭೂಮಿ’, ‘ಸುತ್ತು’, ‘ಎದುರು’ ಒಂದೊಂದಾಗಿ ಸಿಕ್ಕವು. ಸಿಗದಿದ್ದುದನ್ನು ಅತ್ತೆಯೇ ಒದಗಿಸಿದರು. ಕೊನೆಗೆ ಅವರೆಂದರು: “ಅಂದ್ರ ಆರಿದ್ರಾ ಮಳಿ ಬರೂಮುಂದ ಆರಿದ್ರಾನ ಕಾಣಂಗಿಲ್ಲ. ಎಪ್ಪತ್ತು ವರ್ಷ ಬಿತ್ತೀನಿ, ಇದನ್ನ ಯಾರೂ ಹೇಳಿರಲಿಲ್ಲ ನೋಡು.” ಬಸ್ಸಿನಲ್ಲಿ ಅವನು ಉಳಿದ ಮಳೆಗಳ ಹೆಸರು ಕೇಳುತ್ತ ಅಜ್ಜಿಯ ಪಕ್ಕದಲ್ಲೇ ಕೂತ.

ಹೋಗುವವರಿಗೆ ಎರಡು ಮಾತು. ಪಶ್ಚಿಮ ರೈಲ್ವೆಯ ಮಹಾಲಕ್ಷ್ಮಿ ನಿಲ್ದಾಣ ವಿಜ್ಞಾನ ಕೇಂದ್ರಕ್ಕೆ ಹತ್ತಿರ. ತಾರಾಲಯಕ್ಕೆ ಸೋಮವಾರ ರಜೆ. ಪ್ರದರ್ಶನದ ವೇಳೆ, ಭಾಷೆ ವಿಚಾರಿಸಿಕೊಂಡೇ ಹೊರಡಿ. ಹಿರಿಯರಿದ್ದರೆ ಎರಡನ್ನೂ ಅವಸರದಲ್ಲಿ ಮುಗಿಸಬೇಡಿ, ನಡುವೆ ಊಟ, ವಿಶ್ರಾಂತಿ ಇರಲಿ. ಬೇಸಿಗೆ ರಜೆಗೆ ಊರಿಗೆ ಹೋಗುವವರಿಗೆ 1989ರಿಂದ ನಡೆಯುತ್ತಿರುವ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವಿದೆ, ಅಲ್ಲಿ ಕನ್ನಡದಲ್ಲೇ ಪ್ರದರ್ಶನವುಂಟು. ಕರಾವಳಿಯವರಿಗೆ ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಶುರುವಾದ ತ್ರೀಡಿ ತಾರಾಲಯವಿದೆ. ಎಲ್ಲಿಗೇ ಹೋಗಿ, ಮಕ್ಕಳ ಪಕ್ಕದ ಕುರ್ಚಿ ಅಜ್ಜ-ಅಜ್ಜಿಯರಿಗಿರಲಿ.