ಯುದ್ಧ ಮುಗಿದರೂ ಬಿಡದ ಯುದ್ಧ

ಲಂಡನ್ನಿನ ರೀಜೆಂಟ್ಸ್ ಪಾರ್ಕ್. ಅಲ್ಲಿ ಕೂತ ಸೆಪ್ಟಿಮಸ್‌ಗೆ ಗುಬ್ಬಚ್ಚಿಗಳು ಗ್ರೀಕ್ ಭಾಷೆಯಲ್ಲಿ ಹಾಡುವುದು ಕೇಳಿಸುತ್ತದೆ. ಸತ್ತುಹೋದ ಗೆಳೆಯ ಇವಾನ್ಸ್ ಕಣ್ಣೆದುರೇ ಬರುತ್ತಾನೆ!

ವರ್ಜೀನಿಯಾ ವುಲ್ಫ್ ಅವರ ‘ಮಿಸೆಸ್ ಡಾಲೊವೇ’ ಕಾದಂಬರಿಯ ಈ ಸೈನಿಕ ಮೊದಲ ಮಹಾಯುದ್ಧದಿಂದ ಬದುಕಿ ಬಂದವನು. ಇವಾನ್ಸ್ ಸತ್ತಾಗ ಅವನಿಗೆ ದುಃಖವೇ ಆಗಲಿಲ್ಲ. ತಾನೆಷ್ಟು ಗಟ್ಟಿಗ ಎಂದು ಬೀಗಿದ್ದ. ಈಗ ಆ ಮರಗಟ್ಟಿದ ಮನಸ್ಸೇ ಅವನನ್ನು ಹೆದರಿಸುತ್ತದೆ. ಪಕ್ಕದಲ್ಲೇ ಇರುವ ಹೆಂಡತಿ ರೇಜಿಯಾ ಕೂಡ ದೂರದವಳು.

ಡಾಕ್ಟರ್ ಹೋಮ್ಸ್ ಪ್ರಕಾರ ಅವನಿಗೆ ಏನೂ ಆಗಿಲ್ಲ. ತಜ್ಞ ಬ್ರಾಡ್‌ಶಾ ಅವನನ್ನು ಹೆಂಡತಿಯಿಂದ ಬೇರ್ಪಡಿಸಿ ವಿಶ್ರಾಂತಿಗೃಹಕ್ಕೆ ಕಳಿಸಹೊರಡುತ್ತಾನೆ. ಸೆಪ್ಟಿಮಸ್ ಉಳಿಯುವುದಿಲ್ಲ.

ಇಂಥ ವಿಶ್ರಾಂತಿ ಚಿಕಿತ್ಸೆಯನ್ನು ವುಲ್ಫ್ ಸ್ವತಃ ಅನುಭವಿಸಿದ್ದರು. ವೈದ್ಯರ ಮೇಲಿನ ಅವರ ವ್ಯಂಗ್ಯ ಸುಮ್ಮನೆ ಅಷ್ಟು ಹರಿತವಾಗಿಲ್ಲ.

ಕಾದಂಬರಿ ಬಂದದ್ದು 1925ರಲ್ಲಿ. ಆಘಾತ ಕಳೆದ ಮೇಲೂ ಮನಸ್ಸನ್ನು ಹೀಗೆ ಕಾಡುವ ಕಾಯಿಲೆಗೆ ಇಂದು ಬಳಸುವ ‘ಪಿಟಿಎಸ್‌ಡಿ’ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ.